ಕಡಲಪಾಚಿ ಇದೆಯಾ ಅಂತ ಮೊದಲು ಕೇಳಿ

ಚೀನೀ ವೈದ್ಯದ ಹಳೆಯ ಪುಸ್ತಕಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಜಾಗವೇ ಇಲ್ಲ. ಹೃದಯ, ಲಿವರ್, ಗುಲ್ಮ, ಶ್ವಾಸಕೋಶ, ಮೂತ್ರಪಿಂಡ ಅಂತ ಐದು ಮುಖ್ಯ ಅಂಗಗಳಿವೆ. ಅವುಗಳ ಜೊತೆಗೆ ಹೊಟ್ಟೆ, ಕರುಳು, ಪಿತ್ತಕೋಶ ಅಂತ ಇನ್ನಷ್ಟು. ಕತ್ತಿನಲ್ಲಿ ಚಿಟ್ಟೆಯಾಕಾರದಲ್ಲಿ ಕೂತು ಇಡೀ ಮೈಯ ವೇಗ ನೋಡಿಕೊಳ್ಳುವ ಈ ಗ್ರಂಥಿ ಆ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಿದ್ದ ಮೇಲೆ ಹೈಪೋಥೈರಾಯ್ಡ್‌ಗೆ, ಅಂದರೆ ಈ ಗ್ರಂಥಿ ಮಂಕಾಗಿ ಹಾರ್ಮೋನ್ ಕಮ್ಮಿ ಮಾಡುವ ಕಾಯಿಲೆಗೆ, ಚೀನೀ ಔಷಧಿ ಅಂತ ಜನ ಯಾಕೆ ಹೋಗುತ್ತಾರೆ? ನಾನೂ ಹೋಗಿದ್ದೇನೆ, ಈಗಲೂ ಆಗಾಗ ಹೋಗುತ್ತೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು, ಇರುವುದು ಸಿಂಗಪುರದಲ್ಲಿ. ಮಗಳು ಹುಟ್ಟಿದ ಮೇಲೆ ನನ್ನ ಥೈರಾಯ್ಡ್ ಕೈಕೊಟ್ಟಿತು. ಹೆರಿಗೆಯ ನಂತರ ಹೀಗಾಗುವುದು ಅಪರೂಪವೇನಲ್ಲ. ಕೆಲವರಿಗೆ ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಕಾಯಂ ಆಗಿ ಉಳಿದುಬಿಡುತ್ತದೆ. ನನ್ನದು ಎರಡನೇ ಗುಂಪು. ರಕ್ತ ಪರೀಕ್ಷೆಯಲ್ಲಿ ಆ್ಯಂಟಿ-ಟಿಪಿಒ ಅನ್ನುವ, ಥೈರಾಯ್ಡಿನ ವಿರುದ್ಧದ ಪ್ರತಿಕಾಯ ಜಾಸ್ತಿ ಬಂತು, ಅಂದರೆ ಹಶಿಮೊಟೊ. ನಮ್ಮ ರೋಗನಿರೋಧಕ ಪಡೆಯೇ ನಮ್ಮ ಗ್ರಂಥಿಯನ್ನು ಶತ್ರು ಅಂದುಕೊಂಡು ನಿಧಾನಕ್ಕೆ ಹಾಳುಮಾಡುವ ಕಾಯಿಲೆ. ಜಪಾನಿನ ಫುಕುವೋಕಾದಲ್ಲಿದ್ದ ಸರ್ಜನ್ ಹಕಾರು ಹಶಿಮೊಟೊ 1912ರಲ್ಲಿ ನಾಲ್ಕು ಹೆಂಗಸರ ಥೈರಾಯ್ಡ್ ಗಡ್ಡೆಗಳನ್ನು ನೋಡಿ ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದರು. ಆಮೇಲೆ ಊರಿಗೆ ಹೋಗಿ ಸಾಮಾನ್ಯ ಡಾಕ್ಟರಾಗಿ ಇದ್ದು, 1934ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. ಅವರ ಹೆಸರು ಹೀಗೆ ಜಗತ್ತಿನ ತುಂಬಾ ಹೆಂಗಸರ ಲ್ಯಾಬ್ ರಿಪೋರ್ಟಿನ ಜೊತೆ ಓಡಾಡುತ್ತದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಮಾತ್ರೆ ಶುರುವಾಯಿತು. ಲೆವೋಥೈರಾಕ್ಸಿನ್, ಅಂದರೆ ಗ್ರಂಥಿ ಮಾಡಬೇಕಾದ ಥೈರಾಕ್ಸಿನ್ ಹಾರ್ಮೋನೇ ಮಾತ್ರೆಯ ರೂಪದಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಗ್ರಂಥಿಗೆ ದುಡಿ ಅಂತ ಮೆದುಳಿನ ಬುಡದಿಂದ ಬರುವ ಹಾರ್ಮೋನ್ ಟಿಎಸ್‌ಎಚ್, ಗ್ರಂಥಿ ಸೋತರೆ ಅದು ಏರುತ್ತದೆ; ಕೆಲವು ತಿಂಗಳಲ್ಲಿ ಅದು ಇರಬೇಕಾದ ಜಾಗಕ್ಕೆ ಬಂತು. ಕೂದಲು ಉದುರುವುದು ನಿಂತಿತು, ಮುಖದ ಊತ ಇಳಿಯಿತು, ತಲೆಗೆ ಮುಸುಕಿದ್ದ ಮಂಕು ಹೋಯಿತು. ಆದರೆ ಚಳಿ ಹೋಗಲಿಲ್ಲ. ಹೊರಗೆ ಬೆವರು ಸುರಿಯುವ ಸಿಂಗಪುರದಲ್ಲಿ ಸ್ವೆಟರ್ ಹಾಕಿಕೊಂಡು ಆಫೀಸಿನ ಎಸಿ ಕೆಳಗೆ ಕೂರುವ ಹೆಂಗಸು ನಾನು. ಮಧ್ಯಾಹ್ನದ ಹೊತ್ತಿಗೆ ಸುಸ್ತು, ರಾತ್ರಿ ಕಾಲು ಮಂಜುಗಡ್ಡೆ. ಡಾಕ್ಟರ್ ಹತ್ತಿರ ಹೇಳಿದರೆ ರಿಪೋರ್ಟ್ ನೋಡಿ, ‘ನಂಬರ್ ಎಲ್ಲ ಚೆನ್ನಾಗಿದೆ’ ಅಂದರು. ಅವರ ತಪ್ಪೇನಿಲ್ಲ. ನಂಬರ್ ನಿಜವಾಗಿಯೂ ಚೆನ್ನಾಗಿತ್ತು. ಮಾತ್ರೆ ತೆಗೆದುಕೊಂಡು ಟಿಎಸ್‌ಎಚ್ ಸರಿಯಾದ ಮೇಲೂ ಒಂದಷ್ಟು ಜನಕ್ಕೆ ಹೀಗೆ ಉಳಿಯುತ್ತದೆ ಅನ್ನುವುದು ಡಾಕ್ಟರುಗಳಿಗೂ ಗೊತ್ತಿರುವ ವಿಷಯವೇ. ಗೊತ್ತಿದ್ದೂ ಅವರ ಹತ್ತಿರ ಅದಕ್ಕೆ ಕೊಡಲು ಹೆಚ್ಚೇನೂ ಇಲ್ಲ. ಆ ಖಾಲಿ ಜಾಗದಲ್ಲೇ ಚೀನೀ ಔಷಧಿ ಬಂದು ಕೂರುತ್ತದೆ.

ಇಲ್ಲಿ ಫ್ಲ್ಯಾಟುಗಳ ಕೆಳಗಡೆ, ತರಕಾರಿ ಅಂಗಡಿ ಪಕ್ಕದಲ್ಲಿ, ಚಿಕ್ಕ ಚಿಕ್ಕ ಮರದ ಡ್ರಾಯರುಗಳ ಗೋಡೆ ಇರುವ ಔಷಧಿ ಅಂಗಡಿಗಳು ಇರುತ್ತವೆ. ಒಳಗೆ ಕೂತಿರುವ ವೈದ್ಯರಿಗೆ ಸಿನ್ಸೆ ಅನ್ನುತ್ತಾರೆ. ಇದೇನೂ ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ. 2000ರಲ್ಲಿ ಕಾನೂನೇ ಬಂದಿದೆ, ನೋಂದಣಿ ಮಾಡಿಸಿಕೊಂಡೇ ವೈದ್ಯ ಮಾಡಬೇಕು. ಇಂಗ್ಲಿಷ್ ಔಷಧಿ ಬರೆದುಕೊಡುವ ಹಾಗಿಲ್ಲ. ಚೀನಾದಲ್ಲಿ ಹಾಗಲ್ಲ. ಅಲ್ಲಿನ ದೊಡ್ಡ ಚೀನೀ ವೈದ್ಯ ಆಸ್ಪತ್ರೆಗಳಲ್ಲಿ ಎಂಡೋಕ್ರೈನ್, ಅಂದರೆ ಹಾರ್ಮೋನ್ ಕಾಯಿಲೆಗಳ, ವಿಭಾಗವೇ ಇರುತ್ತದೆ, ರಕ್ತ ಪರೀಕ್ಷೆ ಮಾಡುತ್ತಾರೆ, ಲೆವೋಥೈರಾಕ್ಸಿನ್ನೂ ಬರೆಯುತ್ತಾರೆ, ಅದರ ಜೊತೆ ಕಷಾಯವನ್ನೂ ಬರೆಯುತ್ತಾರೆ. ಕಷಾಯವನ್ನು ಆಸ್ಪತ್ರೆಯೇ ಮೆಷಿನ್ನಿನಲ್ಲಿ ಕುದಿಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸೀಲ್ ಮಾಡಿ ಮನೆಗೆ ಕಳಿಸಿಬಿಡುತ್ತದೆ. ‘ಚೀನಾದಲ್ಲಿ ಬರೀ ಬೇರು ನಾರಿನಲ್ಲೇ ಥೈರಾಯ್ಡ್ ಗುಣ ಮಾಡುತ್ತಾರಂತೆ’ ಅಂತ ವಾಟ್ಸಾಪಿನಲ್ಲಿ ಕಳಿಸುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಅಲ್ಲಿ ನಡೆಯುವುದು ಹೆಚ್ಚಾಗಿ ಮಾತ್ರೆಯ ಜೊತೆಗೆ ಕಷಾಯ. ಮಾತ್ರೆಯ ಬದಲು ಅಲ್ಲ.

ನನಗೆ ಈ ಪದ್ಧತಿ ತೀರಾ ಅಪರಿಚಿತ ಅನ್ನಿಸಲೇ ಇಲ್ಲ, ಅದಕ್ಕೆ ಕಾರಣ ಬಾಣಂತನ. ಅಮ್ಮ ಬಾಣಂತನಕ್ಕೆ ಅಂತ ಊರಿಂದ ಬಂದಿದ್ದಳು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು, ತಣ್ಣೀರು ಮುಟ್ಟುವ ಹಾಗಿಲ್ಲ. ಪಕ್ಕದ ಮನೆಯ ಚೀನೀ ಆಂಟಿ ಒಂದು ಪಾತ್ರೆಯಲ್ಲಿ ಶುಂಠಿ, ಎಳ್ಳೆಣ್ಣೆ ಹಾಕಿ ಏನೋ ಮಾಡಿಕೊಂಡು ಬಂದರು. ಅವರಲ್ಲೂ ಹೆರಿಗೆಯಾದ ಮೇಲೆ ಒಂದು ತಿಂಗಳು ತಣ್ಣೀರು, ಗಾಳಿ, ಹಸಿ ತರಕಾರಿ ಎಲ್ಲ ನಿಷೇಧ. ಭಾಷೆ ಬಾರದ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ನಿಂತು ಒಂದು ಶುಂಠಿ ಗೆಡ್ಡೆ ಹಿಡಿದುಕೊಂಡು ಪೂರ್ತಿ ಒಪ್ಪಂದಕ್ಕೆ ಬಂದಿದ್ದರು. ನಮ್ಮಲ್ಲಿ ಹಲಸಿನ ಹಣ್ಣು ಉಷ್ಣ, ಸೌತೆಕಾಯಿ ತಂಪು. ಇವರಲ್ಲಿ ಡುರಿಯನ್ ಉಷ್ಣ, ಅದನ್ನು ತಿಂದ ಮೇಲೆ ತಂಪಿಗೆ ಮ್ಯಾಂಗೋಸ್ಟೀನ್. ಹೀಗೆ ಬೆಳೆದವಳಿಗೆ ‘ನಿನ್ನ ಮೈಯಲ್ಲಿ ಶೀತ ಕೂತಿದೆ’ ಅಂತ ಸಿನ್ಸೆ ಹೇಳಿದರೆ ಆಶ್ಚರ್ಯ ಆಗುವುದಿಲ್ಲ. ಇದು ಗೊತ್ತಿತ್ತಲ್ಲ ಅನ್ನಿಸುತ್ತದೆ ಅಷ್ಟೇ. ಆ ಪರಿಚಯವೇ ಸ್ವಲ್ಪ ಅಪಾಯ ಕೂಡ. ಗೊತ್ತಿರುವ ಹಾಗೆ ಕಂಡಿದ್ದನ್ನು ನಾವು ಜಾಸ್ತಿ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಈಗ ಕಡಲಪಾಚಿಗೆ ಬರುತ್ತೇನೆ. ಈ ಬರಹ ಅದಕ್ಕೋಸ್ಕರವೇ.

ಥೈರಾಯ್ಡ್ ಗೊತ್ತಿರಲಿಲ್ಲ ನಿಜ, ಆದರೆ ಕತ್ತಿನ ಗಡ್ಡೆ ಚೀನೀ ವೈದ್ಯರಿಗೆ ಚೆನ್ನಾಗಿಯೇ ಗೊತ್ತಿತ್ತು. ಶಾಲೆಯಲ್ಲಿ ನಾವೆಲ್ಲ ಓದಿದ ಗಳಗಂಡ. ನಾಲ್ಕನೇ ಶತಮಾನದಲ್ಲಿ ಗೆ ಹಾಂಗ್ ಅನ್ನುವವರು, ತುರ್ತಿಗೆ ಬೇಕಾಗುವ ಔಷಧಿಗಳ ಒಂದು ಕೈಪಿಡಿ ಬರೆದರು. ಅದರಲ್ಲಿ ಗಳಗಂಡಕ್ಕೆ ಒಂದು ಔಷಧಿ ಇದೆ. ಒಂದು ತೂಕ ಕಡಲಪಾಚಿಯನ್ನು ರೇಷ್ಮೆ ಚೀಲದಲ್ಲಿ ಕಟ್ಟಿ ಅಕ್ಕಿ ಮದ್ಯದಲ್ಲಿ ನೆನೆಹಾಕಬೇಕು. ಬೇಸಿಗೆಯಾದರೆ ಎರಡು ದಿನ, ಚಳಿಗಾಲವಾದರೆ ಮೂರು. ಆಮೇಲೆ ದಿನಕ್ಕೆ ಮೂರು ಹೊತ್ತು ಸ್ವಲ್ಪ ಸ್ವಲ್ಪ ಕುಡಿಯಬೇಕು. ಮದ್ಯ ಮುಗಿದ ಮೇಲೆ ಉಳಿದ ಪಾಚಿಯನ್ನೂ ಬಿಸಾಡುವ ಹಾಗಿಲ್ಲ, ಒಣಗಿಸಿ ಪುಡಿ ಮಾಡಿ ತಿನ್ನಬೇಕು. ಇದೇ ಪುಸ್ತಕದಲ್ಲಿ ಜ್ವರಕ್ಕೆ ಅಂತ ಬರೆದಿದ್ದ ಇನ್ನೊಂದು ಸೊಪ್ಪಿನ ಮದ್ದನ್ನು ಹಿಡಿದು ಟು ಯೂಯೂ ಅನ್ನುವ ವಿಜ್ಞಾನಿ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಹುಡುಕಿದ್ದು, 2015ರಲ್ಲಿ ನೊಬೆಲ್ ಪಡೆದದ್ದು. ಆ ಕಥೆ ಎಲ್ಲರಿಗೂ ಗೊತ್ತು. ಪಾಚಿಯ ಮದ್ದು ಅಷ್ಟು ಹೆಸರು ಮಾಡಲಿಲ್ಲ, ಆದರೆ ಅದೂ ಸರಿಯಾದ ಮದ್ದೇ.

ಯಾಕೆ ಸರಿ ಅಂದರೆ, ಅವತ್ತಿನ ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ. ಬೆಟ್ಟದ ಸೀಮೆಯಲ್ಲಿ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗಿಬಿಡುತ್ತದೆ. ಸಿಗದಿದ್ದನ್ನು ಹಿಡಿಯಲು ಹೋಗಿ ಗ್ರಂಥಿ ದೊಡ್ಡದಾಗುತ್ತದೆ. 610ರಲ್ಲಿ ಚಾವ್ ಯುವಾನ್‌ಫಾಂಗ್ ಅನ್ನುವ ಅರಮನೆಯ ವೈದ್ಯರು ಬೆಟ್ಟದ ಕಪ್ಪು ಮಣ್ಣಿನ ಊಟೆ ನೀರು ಬಹಳ ಕಾಲ ಕುಡಿದರೆ ಕತ್ತಿನಲ್ಲಿ ಗಡ್ಡೆ ಬರುತ್ತದೆ ಅಂತ ಬರೆದಿಟ್ಟಿದ್ದಾರೆ. ನೀರು, ನೆಲ, ಕಾಯಿಲೆ, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರು ನೋಡಿ. ಫ್ರಾನ್ಸಿನಲ್ಲಿ ಕಡಲಪಾಚಿಯ ಬೂದಿಯಿಂದ ಅಯೋಡಿನ್ ಸಿಕ್ಕಿದ್ದು 1811ರಲ್ಲಿ. ಜಿನೀವಾದ ಡಾಕ್ಟರೊಬ್ಬರು ಅದನ್ನು ಗಳಗಂಡಕ್ಕೆ ಕೊಟ್ಟು ನೋಡಿದ್ದು 1820ರಲ್ಲಿ. ನಮ್ಮ ದೇಶದಲ್ಲಿ 1956ರಿಂದ ಈಗಿನ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. ನಾವಿವತ್ತು ಅಂಗಡಿಯಲ್ಲಿ ಕೊಳ್ಳುವ ಉಪ್ಪಿನ ಹಿಂದೆ ಆ ಕೆಲಸ ಇದೆ. ಇವರೆಲ್ಲರಿಗಿಂತ ಮೊದಲು ಗೆ ಹಾಂಗ್ ಕಡಲನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗಿದ್ದರು.

ಸರಿ, ಇಷ್ಟೆಲ್ಲ ಹೊಗಳಿದ ಮೇಲೆ ಹೇಳುತ್ತೇನೆ. ಆ ಮದ್ದು ನನಗೆ ಆಗುವುದಿಲ್ಲ.

ಉಪ್ಪಿಗೆ ಅಯೋಡಿನ್ ಹಾಕುವ ಊರುಗಳಲ್ಲಿ ಥೈರಾಯ್ಡ್ ಮಂಕಾಗಲು ಮುಖ್ಯ ಕಾರಣ ಅಯೋಡಿನ್ ಕೊರತೆಯಲ್ಲ, ಹಶಿಮೊಟೊ. ಅಲ್ಲಿ ಜಾಸ್ತಿ ಅಯೋಡಿನ್ ಸುರಿದರೆ ಒಳ್ಳೆಯದಾಗುವ ಬದಲು ಕೆಡಬಹುದು. ವುಲ್ಫ್ ಮತ್ತು ಚೈಕಾಫ್ ಅನ್ನುವ ಇಬ್ಬರು 1948ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಒಮ್ಮೆಲೇ ಅತಿ ಅಯೋಡಿನ್ ಬಂದರೆ ಗ್ರಂಥಿ ಹಾರ್ಮೋನ್ ಮಾಡುವುದನ್ನೇ ನಿಲ್ಲಿಸುತ್ತದೆ. ಆರೋಗ್ಯವಾಗಿರುವ ಗ್ರಂಥಿ ಕೆಲವು ದಿನದಲ್ಲಿ ಸುಧಾರಿಸಿಕೊಂಡು ಮತ್ತೆ ಶುರುಮಾಡುತ್ತದೆ. ಹಶಿಮೊಟೊ ಗ್ರಂಥಿಗೆ ಎಷ್ಟೋ ಸಲ ಆ ಶಕ್ತಿ ಇರುವುದಿಲ್ಲ, ನಿಂತದ್ದು ನಿಂತೇ ಬಿಡುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕೆಲ್ಪ್ ಅನ್ನುವ ದಪ್ಪ ಪಾಚಿ ಒಣಗಿಸಿದ್ದು ಒಂದೇ ಒಂದು ಗ್ರಾಂ ತಿಂದರೆ ಸಾವಿರ ಮೈಕ್ರೋಗ್ರಾಂ ದಾಟಬಹುದು. ಕಷಾಯಕ್ಕೆ ಹಾಕುವುದು ಒಂದು ಗ್ರಾಂ ಅಲ್ಲ, ಹಿಡಿಗಟ್ಟಲೆ.

ಇದಕ್ಕೆ ಒಳ್ಳೆಯ ಸಾಕ್ಷಿ ಬಂದಿದ್ದೂ ಚೀನಾದಿಂದಲೇ. ಟೆಂಗ್ ವೇಪಿಂಗ್ ಮತ್ತು ಜೊತೆಯವರು 1999ರಲ್ಲಿ ಮೂರು ಊರು ಆರಿಸಿಕೊಂಡರು. ಪಾನ್‌ಶಾನ್‌ನಲ್ಲಿ ಅಯೋಡಿನ್ ಸ್ವಲ್ಪ ಕಡಿಮೆ, ಝಾಂಗ್‌ವುನಲ್ಲಿ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ, ಹುವಾಂಗ್‌ಹುವಾದಲ್ಲಿ ಅತಿ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಟಿಎಸ್‌ಎಚ್ ಮಾತ್ರ ಏರಿರುವ ಆರಂಭದ ಹೈಪೋಥೈರಾಯ್ಡ್ ಹೊಸದಾಗಿ ಬಂದವರು ಮೊದಲ ಊರಿನಲ್ಲಿ ಶೇ. 0.2, ಎರಡನೆಯದರಲ್ಲಿ 2.6, ಮೂರನೆಯದರಲ್ಲಿ 2.9. ಇದು 2006ರಲ್ಲಿ ಪ್ರಕಟವಾಯಿತು. ಇದನ್ನು ಓದಿ ಯಾರೂ ಅಯೋಡಿನ್ ಉಪ್ಪು ಬಿಡಬೇಡಿ ಮಾರಾಯ್ರೇ. ಅಯೋಡಿನ್ ಇಲ್ಲದಿದ್ದರೆ ಹುಟ್ಟುವ ಮಕ್ಕಳ ಮೆದುಳಿಗೇ ಪೆಟ್ಟು. ನಾನು ಹೇಳುತ್ತಿರುವುದು ಉಪ್ಪಿನ ಮೇಲೆ ಮತ್ತೆ ಕೆಲ್ಪ್ ಮಾತ್ರೆ, ಕೆಲ್ಪ್ ಕಷಾಯ ಸುರಿಯುವುದರ ಬಗ್ಗೆ.

ಆದರೂ ಅಂಗಡಿಗಳಲ್ಲಿ ‘ಥೈರಾಯ್ಡಿಗೆ ಒಳ್ಳೆಯದು’ ಅಂತ ಪಾಚಿ ಸಿಗುತ್ತಲೇ ಇದೆ. ಯಾಕೆಂದರೆ ಪುಸ್ತಕದಲ್ಲಿ ಇದೆ. 1617ರಲ್ಲಿ ಚೆನ್ ಶಿಗಾಂಗ್ ಬರೆದ ಶಸ್ತ್ರವೈದ್ಯದ ಗ್ರಂಥದಲ್ಲಿ ಗಳಗಂಡಕ್ಕೆ ಒಂದು ಪ್ರಸಿದ್ಧ ಕಷಾಯವಿದೆ, ಅದರಲ್ಲಿ ಒಂದಲ್ಲ, ಮೂರು ಬಗೆಯ ಕಡಲಪಾಚಿ. ಇನ್ನೊಂದು ತಮಾಷೆ ಏನೆಂದರೆ ಅದರಲ್ಲಿ ಜ್ಯೇಷ್ಠಮಧುವೂ ಇದೆ. ಯಾವ ಯಾವ ಮೂಲಿಕೆ ಒಟ್ಟಿಗೆ ಸೇರಿಸಬಾರದು ಅಂತ ಚೀನೀ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಹದಿನೆಂಟು ವಿರೋಧಗಳ ಪದ್ಯ ಇದೆ. ಜ್ಯೇಷ್ಠಮಧುವಿನ ಜೊತೆ ಪಾಚಿ ಸೇರಿಸಬೇಡಿ ಅನ್ನುವುದು ಆ ಪದ್ಯದಲ್ಲೇ ಬರುತ್ತದೆ. ಚೆನ್ ಶಿಗಾಂಗ್ ಅದನ್ನು ಮುರಿದರು, ಅವರ ಕಷಾಯ ನಾನೂರು ವರ್ಷದಿಂದ ಬಳಕೆಯಲ್ಲಿದೆ, ಜಗಳವೂ ನಾನೂರು ವರ್ಷದಿಂದ ನಡೆದಿದೆ. ‘ಸಾವಿರಾರು ವರ್ಷದ ಪದ್ಧತಿ, ಎಲ್ಲ ತೀರ್ಮಾನ ಆಗಿಬಿಟ್ಟಿದೆ’ ಅನ್ನುವವರು ಒಳಗೆ ಹೋಗಿ ನೋಡಬೇಕು. ಅಲ್ಲಿ ಬರೀ ವಾದವೇ.

ಪ್ರಾಣಿಗಳ ಗ್ರಂಥಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಏಳನೇ ಶತಮಾನದ ಸುನ್ ಸಿಮಿಯಾವ್ ಅವರ ಪುಸ್ತಕಗಳಲ್ಲಿ ಕುರಿಯ, ಜಿಂಕೆಯ ಕತ್ತಿನ ಗ್ರಂಥಿಯನ್ನು ಗಳಗಂಡಕ್ಕೆ ಕೊಡುವ ಮದ್ದುಗಳಿವೆ. ಇದನ್ನು ಹಿಡಿದು ‘ಹಾರ್ಮೋನ್ ಚಿಕಿತ್ಸೆ ಚೀನಾದ್ದೇ’ ಅನ್ನುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಅವರು ಕೊಟ್ಟಿದ್ದು ಕತ್ತಿನ ಗಡ್ಡೆ ಇಳಿಯಲಿ ಅಂತ, ಗಡ್ಡೆಗೂ ಸುಸ್ತು ಚಳಿಗೂ ನಂಟಿದೆ ಅಂತ ಅವರು ಹೇಳಿದ ಹಾಗೆ ಕಾಣುವುದಿಲ್ಲ. ಆ ನಂಟು ಹಿಡಿದು ಮದ್ದು ಕೊಟ್ಟು ತೋರಿಸಿದ್ದು 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ. ಕುರಿಯ ಥೈರಾಯ್ಡ್ ಸಾರ ತೆಗೆದು, ಮೈಯೆಲ್ಲ ಊದಿಕೊಂಡು ಮಂಕಾಗಿದ್ದ 46 ವರ್ಷದ ಹೆಂಗಸಿಗೆ ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. ಅಷ್ಟೂ ವರ್ಷಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ! ನನ್ನ ದಿನದ ಡೋಸು ಸಾಸಿವೆ ಕಾಳಿನಷ್ಟೂ ಇರದ ಮೈಕ್ರೋಗ್ರಾಂ ಲೆಕ್ಕದ ಪುಡಿ. ಯಾವ ಕುರಿಯೂ ಸಾಯಬೇಕಿಲ್ಲ. ಈ ಚಿಕ್ಕ ಮಾತ್ರೆಯನ್ನು ‘ಕೆಮಿಕಲ್’ ಅಂತ ಬೈಯುವವರನ್ನು ಕಂಡರೆ ನನಗೆ ಈ ಕುರಿಗಳ ಹಿಂಡೇ ಕಣ್ಣಮುಂದೆ ಬರುತ್ತದೆ.

ಇನ್ನು ನನ್ನ ಸಿನ್ಸೆ. ಅರವತ್ತು ದಾಟಿದ ಹೆಂಗಸು, ಮಾತು ಕಮ್ಮಿ. ಮೊದಲ ಭೇಟಿಯಲ್ಲಿ ನನ್ನ ರಿಪೋರ್ಟನ್ನು ಪಕ್ಕಕ್ಕಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ, ‘ಚಳಿ ಆಗುತ್ತಾ?’ ನನಗೆ ಅಳು ಬಂದಂತಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೊತ್ತಾಯಿತು, ಅದು ನನಗೋಸ್ಕರ ಹುಡುಕಿದ ಪ್ರಶ್ನೆಯಲ್ಲ. 1624ರ ಹೊತ್ತಿಗೆ ಝಾಂಗ್ ಜಿಂಗ್ಯುಯೆ ಅನ್ನುವ ವೈದ್ಯರು ರೋಗಿಗೆ ಕೇಳಬೇಕಾದ ಹತ್ತು ಪ್ರಶ್ನೆಗಳ ಪದ್ಯ ಬರೆದಿದ್ದಾರೆ. ಮೊದಲು ಚಳಿ-ಬಿಸಿ ಕೇಳು, ಆಮೇಲೆ ಬೆವರು, ಆಮೇಲೆ ತಲೆ-ಮೈ, ಆಮೇಲೆ ಮಲ-ಮೂತ್ರ, ಊಟ, ಹೀಗೆ. ಅವರು ಸುಮ್ನೆ ಆ ಕ್ರಮದಲ್ಲಿ ಹೋಗುತ್ತಿದ್ದರು. ಆದರೂ ಒಬ್ಬರು ಕೇಳಿದರಲ್ಲ. ಮುಟ್ಟು ಹೇಗೆ, ನಿದ್ದೆಯಲ್ಲಿ ಎಷ್ಟು ಸಲ ಎಚ್ಚರ, ಬಾಯಾರಿದರೆ ಬಿಸಿನೀರು ಬೇಕೆನಿಸುತ್ತದಾ ತಣ್ಣೀರಾ ಅಂತೆಲ್ಲ ನಿಧಾನಕ್ಕೆ ಕೇಳಿದರು. ಎರಡೂ ಕೈಯ ನಾಡಿ ಮೂರು ಬೆರಳಿಟ್ಟು ನೋಡಿದರು. ನಾಲಿಗೆ ಚಾಚು ಅಂದರು.

ನನ್ನ ನಾಲಿಗೆ ಬಿಳಿಚಿಕೊಂಡು ಊದಿದೆ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆ, ನಾಡಿ ಆಳದಲ್ಲಿದೆ, ನಿಧಾನ. ಆದ್ದರಿಂದ ಗುಲ್ಮ ಮತ್ತು ಮೂತ್ರಪಿಂಡಗಳ ಯಾಂಗ್ ಕಡಿಮೆಯಾಗಿದೆ ಅಂದರು. ಯಾಂಗ್ ಅಂದರೆ ಒಳಗಿನ ಕಾವು ಅಂತ ಇಟ್ಟುಕೊಳ್ಳಿ. ಒಂದು ವಿಷಯ ಗಮನಿಸಿ. ಇಂಗ್ಲಿಷ್ ವೈದ್ಯದ ಪಠ್ಯಪುಸ್ತಕ ತೆಗೆದು ಹೈಪೋಥೈರಾಯ್ಡ್ ಲಕ್ಷಣ ನೋಡಿದರೆ ಅಲ್ಲೂ ದಪ್ಪಗಾದ ನಾಲಿಗೆ, ನಿಧಾನವಾದ ನಾಡಿ, ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದುವುದು ಎಲ್ಲ ಇವೆ. ಇಬ್ಬರೂ ಒಬ್ಬಳೇ ರೋಗಿಯನ್ನು ನೋಡಿದ್ದಾರೆ. ಒಬ್ಬರು ಕತ್ತಿಗೆ ಕೈ ಹಾಕಿದರು, ಇನ್ನೊಬ್ಬರು ಮೂತ್ರಪಿಂಡದ ಕಡೆ ಬೆರಳು ತೋರಿಸಿದರು. ಶಾಂಘೈನ ಶೆನ್ ಝಿಯಿನ್ ಅನ್ನುವ ಡಾಕ್ಟರ್ ಈ ‘ಮೂತ್ರಪಿಂಡದ ಯಾಂಗ್ ಕೊರತೆ’ ಅನ್ನುವುದನ್ನು ಲ್ಯಾಬಿನಲ್ಲಿ ಹಿಡಿಯಬಹುದಾ ಅಂತ ಜೀವನವಿಡೀ ಕೆಲಸ ಮಾಡಿದರು. ಅಂಥ ರೋಗಿಗಳ ಮೂತ್ರದಲ್ಲಿ ಅಡ್ರಿನಲ್ ಹಾರ್ಮೋನಿನ ಅಂಶ ಕಡಿಮೆ ಇದೆ ಅಂತ ಕಂಡುಕೊಂಡರು, ಆಮೇಲೆ ಥೈರಾಯ್ಡನ್ನೂ ಪರೀಕ್ಷಿಸಿದರು. ಕೆಲಸ ಸ್ವಾರಸ್ಯದ್ದೇ. ಆದರೆ ಯಾಂಗ್ ಕೊರತೆಯೂ ಹೈಪೋಥೈರಾಯ್ಡೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಟಿಎಸ್‌ಎಚ್ ಪೂರ್ತಿ ಸರಿ ಇರುವವರಿಗೂ ಸಿನ್ಸೆ ಯಾಂಗ್ ಕೊರತೆ ಅನ್ನುತ್ತಾರೆ. ನನ್ನ ಹಾಗೇ ಹಶಿಮೊಟೊ ಇರುವ ಗೆಳತಿಗೆ ಅದೇ ಸಿನ್ಸೆ ಹೇಳಿದ್ದು ಲಿವರ್‌ನ ಚಿ, ಅಂದರೆ ಒಳಗೆ ಹರಿಯುವ ಶಕ್ತಿ, ಕಟ್ಟಿಕೊಂಡಿದೆ ಅಂತ. ಇಬ್ಬರಿಗೂ ಬೇರೆ ಬೇರೆ ಪುಡಿ. ಅವರ ಪದ್ಧತಿಯಲ್ಲಿ ಅದೇ ಸರಿ, ರೋಗಕ್ಕಲ್ಲ, ರೋಗಿಗೆ ಮದ್ದು. ಹೀಗೆ ರೋಗಿಯನ್ನು ನೋಡಿ ಮದ್ದು ಆರಿಸುವ ಕ್ರಮವನ್ನು ಪಠ್ಯದ ಮುಖ್ಯ ಭಾಗ ಮಾಡಿ ಕಲಿಸತೊಡಗಿದ್ದು ಮಾತ್ರ 1950ರ ದಶಕದಲ್ಲಿ. ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ಡು ಕಾಲೇಜುಗಳು ಶುರುವಾಗಿದ್ದೇ 1956ರಲ್ಲಿ. ಎಲ್ಲವೂ ಪುರಾತನ ಅಂದುಕೊಳ್ಳುವುದು ಬೇಡ.

ಯಾಂಗ್ ಕೊರತೆಗೆ ಹೆಸರುವಾಸಿ ಮದ್ದು ಎಂಟು ಮೂಲಿಕೆಯ ಒಂದು ಗುಳಿಗೆ. ಸುಮಾರು 1800 ವರ್ಷದ ಹಿಂದಿನ ಝಾಂಗ್ ಝಾಂಗ್‌ಜಿಂಗ್ ಅವರದ್ದು. ಅದರಲ್ಲಿ ಗೆಣಸಿನ ಜಾತಿಯ ಗೆಡ್ಡೆ ಇದೆ, ದಾಲ್ಚಿನ್ನಿ ಜಾತಿಯ ಕಡ್ಡಿ ಇದೆ, ಒಂದು ಬಗೆಯ ಅಣಬೆ ಇದೆ, ಇದೆಲ್ಲ ಸಾಧು. ಸಾಧುವಲ್ಲದ್ದು ಫುಝಿ. ಇದು ನಮ್ಮ ವತ್ಸನಾಭಿಯ ದಾಯಾದಿ, ಹಸಿಯಾಗಿ ತಿಂದರೆ ಹೃದಯ ತಾಳ ತಪ್ಪಿ ಸಾಯುವಂಥ ವಿಷ. ನಮ್ಮ ಆಯುರ್ವೇದದಲ್ಲಿ ಗೋಮೂತ್ರದಲ್ಲಿ ಶೋಧನೆ ಮಾಡುತ್ತಾರಲ್ಲ, ಹಾಗೆ ಅವರಲ್ಲಿ ಉಪ್ಪುನೀರಿನಲ್ಲಿ ನೆನೆಸಿ, ಬೇಯಿಸಿ, ಹೆಚ್ಚಿ ಒಣಗಿಸುತ್ತಾರೆ. ಆಮೇಲೆ ಮನೆಯಲ್ಲಿ ಉಳಿದ ಮೂಲಿಕೆ ಹಾಕುವ ಮೊದಲೇ ಇದನ್ನು ಬೇರೆಯಾಗಿ ತುಂಬಾ ಹೊತ್ತು ಕುದಿಸಬೇಕು. ಕುದಿತದಲ್ಲಿ ವಿಷ ಒಡೆದು ತೀಕ್ಷ್ಣತೆ ಕಳೆದುಕೊಳ್ಳುತ್ತದೆ. ಕುದಿ ಕಮ್ಮಿಯಾದರೆ ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತದೆ. ಚೀನಾ, ಹಾಂಗ್‌ಕಾಂಗ್‌ಗಳಲ್ಲಿ ಈ ಜಾತಿಯ ಗೆಡ್ಡೆಗಳಿಂದ ವಿಷ ಏರಿ ಆಸ್ಪತ್ರೆ ಸೇರಿದವರ ವರದಿಗಳು ಬೇಕಾದಷ್ಟಿವೆ. ಸಿಚುವಾನ್ ಕಡೆ ಇದನ್ನೇ ಧಾರಾಳವಾಗಿ ಬಳಸುವ ಒಂದು ಪಂಥವೇ ಇದೆ, ಚಳಿಗಾಲದಲ್ಲಿ ಮಾಂಸದ ಜೊತೆ ಬೇಯಿಸಿ ತಿನ್ನುವ ರೂಢಿಯೂ ಇದೆ. ಅವರ ಧೈರ್ಯ ಅವರಿಗಿರಲಿ. ನಾನು ಸಿನ್ಸೆಗೆ ಫುಝಿ ಬೇಡವೇ ಬೇಡ ಅಂದೆ. ಅವರು ನಕ್ಕು, ‘ನಾನೂ ಕೊಡಲ್ಲ ಬಿಡು’ ಅಂದರು. ನನಗೆ ಕೊಟ್ಟಿದ್ದು ಹುವಾಂಗ್‌ಚಿ ಅನ್ನುವ ಬೇರು, ಶುಂಠಿ, ಇನ್ನೆರಡು ಮೂರು, ಎಲ್ಲ ಸೇರಿಸಿದ ಕಂದು ಪುಡಿಯ ಪೊಟ್ಟಣ. ಬಿಸಿನೀರಿಗೆ ಹಾಕಿ ಕುಡಿಯುವುದು. ರುಚಿಯ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು.

ಜೊತೆಗೆ ಪಥ್ಯ. ಐಸ್ ನೀರು ಬೇಡ, ಹಸಿ ಸಲಾಡ್ ಬೇಡ, ಮೊಸರು ಬೇಡ. ಮೊಸರು! ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಅಲ್ಲ ಕಣೇ, ಮೊಸರನ್ನ ಬಿಟ್ಟರೆ ನಿನಗೆ ಊಟ ಮುಗಿದ ಹಾಗೆ ಆಗುತ್ತಾ? ಅವರಿಗೇನು ಗೊತ್ತು ನಮ್ಮ ಮೊಸರು’ ಅಂದಳು. ಶುಂಠಿ ವಿಷಯದಲ್ಲಿ ಆಗಿದ್ದ ಒಪ್ಪಂದ ಮೊಸರಿನಲ್ಲಿ ಮುರಿದುಬಿತ್ತು. ರಾತ್ರಿ ಮಾತ್ರ ಬಿಟ್ಟಿದ್ದೇನೆ, ಅದೂ ಅಮ್ಮ ಮೊದಲಿಂದ ಹೇಳುತ್ತಿದ್ದ ಮಾತೇ ಆಗಿದ್ದರಿಂದ.

ನನಗೆ ನಿಜವಾಗಿ ಇಷ್ಟವಾಗಿದ್ದು ಮಾಕ್ಸಾ. ಮಾಚಿಪತ್ರೆ ಜಾತಿಯ ಸೊಪ್ಪನ್ನು ಒಣಗಿಸಿ ಕುಟ್ಟಿ ಹತ್ತಿಯ ಹಾಗೆ ಮಾಡಿ, ಉರಿಸಿ, ಹೊಕ್ಕುಳ ಕೆಳಗೆ, ಸೊಂಟದ ಹಿಂದೆ, ಮೊಣಕಾಲ ಕೆಳಗೆ ಶಾಖ ಕೊಡುತ್ತಾರೆ. ಚರ್ಮಕ್ಕೆ ತಾಗಿಸುವುದಿಲ್ಲ, ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಹೊಟ್ಟೆ ಮೇಲೆ ಇಡುತ್ತಾರೆ. ಕೋಣೆ ತುಂಬಾ ಹೊಗೆ. ಆ ದಿನ ರಾತ್ರಿ ಕಾಲು ಬೆಚ್ಚಗಿರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಇದು ಥೈರಾಯ್ಡಿಗೆ ಏನಾದರೂ ಮಾಡುತ್ತದಾ? ನನ್ನ ಟಿಎಸ್‌ಎಚ್ ನೋಡಿದರೆ ಏನೂ ಮಾಡಿಲ್ಲ. ಅರ್ಧ ಗಂಟೆ ಯಾರೂ ಮಾತಾಡಿಸದೆ ಬೆಚ್ಚಗೆ ಮಲಗಿದರೆ ಯಾವ ತಾಯಿಗೆ ತಾನೇ ಹಿತ ಅನ್ನಿಸುವುದಿಲ್ಲ ಅಂತ ಗಂಡ ಹೇಳುತ್ತಾನೆ. ಇರಬಹುದು. ಹಿತಕ್ಕೆ ದುಡ್ಡು ಕೊಡುವುದರಲ್ಲಿ ನನಗೆ ನಾಚಿಕೆಯಿಲ್ಲ, ಅದನ್ನು ಗುಣವಾಗುವುದು ಅಂತ ಕರೆಯದಿದ್ದರೆ ಸಾಕು.

ಚೀನಾದಲ್ಲಿ ಮಾತ್ರೆ ಒಂದೇ ಕೊಟ್ಟವರು, ಮಾತ್ರೆ ಜೊತೆ ಕಷಾಯ ಕೊಟ್ಟವರು ಅಂತ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನಗಳು ತುಂಬಾ ಇವೆ. ಬಹಳಷ್ಟರಲ್ಲಿ ಕಷಾಯದ ಗುಂಪಿಗೆ ಸ್ವಲ್ಪ ಜಾಸ್ತಿ ಅನುಕೂಲ ಆಗಿದೆ ಅಂತಲೇ ಬರುತ್ತದೆ. ತೊಂದರೆ ಏನೆಂದರೆ ಆ ಕಹಿ ಕುಡಿದವನಿಗೆ ತಾನು ಔಷಧಿ ಕುಡಿದೆ ಅಂತ ಗೊತ್ತಾಗದೇ ಇರುತ್ತದಾ? ಗೊತ್ತಾದ ಮೇಲೆ ‘ಸುಸ್ತು ಹೇಗಿದೆ’ ಅಂದರೆ ಕಡಿಮೆ ಅನ್ನುತ್ತಾನೆ. ಅದಕ್ಕೇ ಆ ಅಂಕಿಗಳ ಮೇಲೆ ನಾನು ಜಾಸ್ತಿ ಭಾರ ಹಾಕುವುದಿಲ್ಲ.

ಇದಕ್ಕಿಂತ ದೊಡ್ಡ ಮೋಸ ಮಾತ್ರೆ ಬಿಟ್ಟವರ ಕಥೆಗಳಲ್ಲಿದೆ. ‘ಮಾತ್ರೆ ನಿಲ್ಲಿಸಿ ಕಷಾಯ ಶುರುಮಾಡಿದೆ, ಎರಡು ವಾರ ಆಯಿತು, ಆರಾಮಾಗಿದ್ದೇನೆ’ ಅಂತ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಎರಡು ವಾರದ ನಂತರವೂ ಹಳೆಯ ಮಾತ್ರೆಯ ಕಾಲುಭಾಗ ಮೈಯಲ್ಲೇ ಓಡಾಡುತ್ತಿರುತ್ತದೆ, ಅಳಿದುಳಿದ ಗ್ರಂಥಿಯೂ ಒಂದಷ್ಟು ದುಡಿಯುತ್ತಿರುತ್ತದೆ. ಆ ಆರಾಮ ಕಷಾಯದ್ದಲ್ಲ, ಬಿಟ್ಟುಬಿಟ್ಟ ಮಾತ್ರೆಯದ್ದು. ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡಿ ಅನ್ನುವುದೂ ಇದೇ ಕಾರಣಕ್ಕೆ. ಅಷ್ಟು ಹೊತ್ತಿಗೆ ಆ ವಿಡಿಯೊ ಹಾಕಿದವರು ಇನ್ನೊಂದು ವಿಡಿಯೊ ಹಾಕಿರುವುದಿಲ್ಲ. ಇನ್ನು ಕೆಲವರಿಗೆ ಸ್ವಲ್ಪವೇ ಏರಿದ್ದ ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತದೆ. ಹೆರಿಗೆಯ ನಂತರ ಬಂದದ್ದಂತೂ ಎಷ್ಟೋ ಸಲ ಹಾಗೇ ಹೋಗುತ್ತದೆ. ಆ ಸಮಯದಲ್ಲಿ ಯಾವ ಪುಡಿ ಕುಡಿಯುತ್ತಿದ್ದರೋ ಅದಕ್ಕೆ ಹೆಸರು. ಅಮೆರಿಕದಲ್ಲಿ ‘ಥೈರಾಯ್ಡ್ ಸಪೋರ್ಟ್’ ಅಂತ ಮಾರುವ ಹತ್ತು ಬಗೆಯ ಮಾತ್ರೆ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂಬತ್ತರಲ್ಲಿ ನಿಜವಾದ ಥೈರಾಯ್ಡ್ ಹಾರ್ಮೋನ್ ಸಿಕ್ಕಿತು. ಗುಣ ಕಾಣದೆ ಇನ್ನೇನು!

ನನ್ನ ಸಿನ್ಸೆಯ ಬಗ್ಗೆ ನನಗೆ ಗೌರವ ಇರುವುದು ಒಂದು ಕಾರಣಕ್ಕೆ. ಮಾತ್ರೆ ಬಿಡಲಾ ಅಂತ ನಾನು ಕೇಳುವ ಮೊದಲೇ ಅವರು, ‘ಅದನ್ನು ಮುಟ್ಟಬೇಡ. ಗ್ರಂಥಿ ಸುಟ್ಟುಹೋಗಿದ್ದರೆ ಬೇರಿನ ರಸದಿಂದ ಅದು ಮತ್ತೆ ಬೆಳೆಯಲ್ಲ’ ಅಂದರು. ಹೀಗೆ ಹೇಳದ ಸಿನ್ಸೆ ಸಿಕ್ಕರೆ ಎದ್ದು ಬನ್ನಿ.

ಈಗ ಬೆಳಗ್ಗೆ ಎದ್ದ ಕೂಡಲೇ ಮಾತ್ರೆ. ಫಿಲ್ಟರ್ ಕಾಫಿಗೆ ಒಂದು ಗಂಟೆ ಕಾಯಬೇಕು, ಕಾಫಿ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಆ ಒಂದು ಗಂಟೆ ದಿನದ ಅತಿ ಉದ್ದದ ಗಂಟೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಇಲ್ಲಿನವರು ಬೆಳಗ್ಗೆ ಕುಡಿಯುವ ಸೋಯಾ ಹಾಲೂ ಆ ಹೊತ್ತಿಗೆ ಬೇಡ. ಸಿನ್ಸೆಯ ಪುಡಿ ಯಾವಾಗ ಇದ್ದರೂ ಮಧ್ಯಾಹ್ನದ ಮೇಲೆ, ಮಾತ್ರೆಯಿಂದ ದೂರ. ಏನೇನು ಕುಡಿಯುತ್ತಿದ್ದೇನೆ ಅಂತ ಪಟ್ಟಿಯನ್ನು ಡಾಕ್ಟರಿಗೂ ತೋರಿಸುತ್ತೇನೆ. ಜ್ಯೇಷ್ಠಮಧು ಇದ್ದರೆ ಅವರು ಬಿಪಿ ನೋಡುತ್ತಾರೆ, ಅದು ತುಂಬಾ ದಿನ ತಿಂದರೆ ಬಿಪಿ ಏರಿಸಿ ಪೊಟ್ಯಾಷಿಯಂ ಇಳಿಸುತ್ತದೆ.

ಪುಡಿ ಕೈಗೆ ತೆಗೆದುಕೊಳ್ಳುವ ಮೊದಲು ನಾನು ಮೂರು ಹೆಸರು ಹೇಳಿ ಇವು ಇದೆಯಾ ಅಂತ ಕೇಳುತ್ತೇನೆ. ಹೈಝಾವ್, ಕುನ್‌ಬು, ಹೈದಾಯ್. ಮೂರೂ ಕಡಲಪಾಚಿಗಳು. ಹಶಿಮೊಟೊ ಇರುವವರು ಯಾವ ಚೀನೀ ಔಷಧಿ ಅಂಗಡಿಗೆ ಹೋದರೂ ಈ ಮೂರು ಹೆಸರು ಬರೆದುಕೊಂಡು ಹೋಗಿ, ಕೆಲ್ಪ್ ಅಂತ ಇಂಗ್ಲಿಷಿನಲ್ಲಿ ಬರೆದಿರುವ ಡಬ್ಬಿಯನ್ನೂ ಬಿಡಬೇಡಿ. ಸೂಪಿನಲ್ಲಿ ಹಾಕುವ ದಪ್ಪ ಪಾಚಿಯನ್ನೂ ನಾನು ಪಕ್ಕಕ್ಕೆ ಸರಿಸುತ್ತೇನೆ. ಸುಶಿಗೆ ಸುತ್ತುವ ತೆಳು ನೋರಿಯಲ್ಲಿ ಅಯೋಡಿನ್ ಕೆಲ್ಪ್‌ಗೆ ಹೋಲಿಸಿದರೆ ತುಂಬಾ ಕಮ್ಮಿ, ಹಾಗಾಗಿ ಮಗಳ ಡಬ್ಬಿಯಿಂದ ಒಂದೆರಡು ತುಂಡು ಕದಿಯುವುದನ್ನು ಮಾತ್ರ ನಿಲ್ಲಿಸಿಲ್ಲ.